ಹೊಗೆಯ ಬಣ್ಣ, ಕಂಪನಿಯ ಹೆಸರು: ಎಂಟನೇ ತರಗತಿಯ ದಹನ ಪಾಠದಲ್ಲಿ ಲಾರಿ ಎಂಜಿನ್

ಎಂಟನೇ ತರಗತಿಯ ದಹನ ಪಾಠವನ್ನು ಮೇಣದಬತ್ತಿಯೊಂದರಿಂದಲೇ ಮುಗಿಸಬಹುದು. ದಹ್ಯವಸ್ತು, ಗಾಳಿ, ಜ್ವಲನ ತಾಪ ಎಂಬ ಮೂರು ಅಗತ್ಯಗಳನ್ನು ತೋರಿಸಲು ಅದು ಸಾಕು. ಆದರೆ ನನಗೆ ಬೋಧನಾಭ್ಯಾಸಕ್ಕೆ ಸಿಕ್ಕ ಪ್ರೌಢಶಾಲೆ ಹಿರಿಯೂರು–ಚಿತ್ರದುರ್ಗದ ನಡುವೆ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲೇ ಇದೆ. ಲಾರಿ ಹೋದಾಗಲೆಲ್ಲ ಪಾಠ ನಿಲ್ಲಿಸಬೇಕು, ಅಷ್ಟು ಸದ್ದು. ತರಗತಿಯ ಮೂರನೇ ಒಂದು ಪಾಲು ಮಕ್ಕಳ ಮನೆಯಲ್ಲಿ ಯಾರಾದರೊಬ್ಬರು ಚಾಲಕರೋ, ಕ್ಲೀನರೋ, ಗ್ಯಾರೇಜಿನವರೋ ಆಗಿದ್ದಾರೆ. ಹೀಗಿರುವಾಗ ಮೇಣದಬತ್ತಿಯಿಂದ ಶುರುಮಾಡಿ ಲಾರಿಗೆ ಹೋಗುವುದು ಸರಿ ಎನಿಸಿತು. ಮೂರು ಅವಧಿಗಳಿಗೆ ಯೋಜಿಸಿದೆ. ಮೊದಲ ಎರಡರಲ್ಲಿ ಎಂಜಿನ್‌ನ ದೋಷ ಪತ್ತೆ. ಮೂರನೆಯದರಲ್ಲಿ, ಆ ಊರಿನ ಚಹದಂಗಡಿಗಳಲ್ಲಿ ದಿನವೂ ನಡೆಯುವ ವಾದ: ಯಾವ ಕಂಪನಿಯ ಲಾರಿ ನಂಬಿಕೆಗೆ ಅರ್ಹ?

ಈ ಎರಡನ್ನೂ ಒಂದೇ ಘಟಕದಲ್ಲಿ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ದೋಷ ಪತ್ತೆ ಒಂದು ಲಾರಿಯ ವಿಷಯ. ವಿಶ್ವಾಸಾರ್ಹತೆ ಸಾವಿರ ಲಾರಿಗಳ ವಿಷಯ. ಮೊದಲನೆಯದಕ್ಕೆ ಬೇಕಾದ ಸಾಕ್ಷ್ಯ ಎರಡನೆಯದಕ್ಕೆ ಸಾಲುವುದಿಲ್ಲ. ಆದರೂ ಮಕ್ಕಳು, ದೊಡ್ಡವರೂ ಕೂಡ, ಒಂದರಿಂದ ಇನ್ನೊಂದಕ್ಕೆ ಒಂದೇ ನೆಗೆತಕ್ಕೆ ದಾಟಿಬಿಡುತ್ತಾರೆ.

ಕಡ್ಡಿ ಗೀರುವವರು ಯಾರು?

ತೊಡಗಿಸಿಕೊಳ್ಳುವ ಹಂತದ ಪ್ರಶ್ನೆ ಇದು: "ಪೆಟ್ರೋಲ್ ಬೈಕಿನಲ್ಲಿ ಸ್ಪಾರ್ಕ್ ಪ್ಲಗ್ ಇದೆ. ಡೀಸೆಲ್ ಲಾರಿಯಲ್ಲಿ ಇಲ್ಲ. ಹಾಗಾದರೆ ಒಳಗೆ ಬೆಂಕಿ ಹಚ್ಚುವವರು ಯಾರು?" ಬ್ಯಾಟರಿ ಎಂದರು, ಸೆಲ್ಫ್ ಎಂದರು, ಒಬ್ಬ ಡ್ರೈವರ್ ಎಂದ. ಆಗ ಸೈಕಲ್ ಪಂಪನ್ನು ಮೇಜಿನ ಮೇಲಿಟ್ಟೆ. ತುದಿಯನ್ನು ಬೆರಳಿನಿಂದ ಅದುಮಿ ಹತ್ತಿಪ್ಪತ್ತು ಸಲ ಜೋರಾಗಿ ಒತ್ತಿದರೆ ಪಂಪಿನ ಕೆಳಭಾಗ ಬೆಚ್ಚಗಾಗುತ್ತದೆ. ಸಾಲಾಗಿ ಬಂದು ಮುಟ್ಟಿ ನೋಡಿದರು. ಉತ್ತರ ಕೈಗೇ ಸಿಕ್ಕಿತು.

ಡೀಸೆಲ್ ಎಂಜಿನ್ ಗಾಳಿಯನ್ನು ಮಾತ್ರ ಒಳಗೆಳೆದು ಅದರ ಗಾತ್ರವನ್ನು ಹದಿನಾರು, ಹದಿನೇಳು ಪಟ್ಟು ಕುಗ್ಗಿಸುತ್ತದೆ. ಗಾಳಿ 500 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಇದರ ಅರ್ಧದಷ್ಟು ತಾಪ ಸಾಕು. ಆ ಕ್ಷಣದಲ್ಲಿ ನಾಜಲ್ ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದರೆ ಕಿಡಿಯೇ ಬೇಕಾಗಿಲ್ಲ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಓಡಿಸಿ ತೋರಿಸಿದ್ದು ಇದನ್ನೇ. ಡೀಸೆಲ್ ಎಂಬುದು ಒಬ್ಬ ಮನುಷ್ಯನ ಹೆಸರು ಎಂದಾಗ ತರಗತಿ ಪೂರ್ತಿ ನಂಬಲಿಲ್ಲ. ಅದಕ್ಕೆ ಹೆಚ್ಚು ಸಮಯ ಕೊಡಲಿಲ್ಲ.

ಈಗ ದಹನದ ಮೂರು ಅಗತ್ಯಗಳು ಎಂಜಿನ್‌ನಲ್ಲಿ ಎಲ್ಲೆಲ್ಲಿವೆ ಎಂದು ಕಪ್ಪು ಹಲಗೆಯ ಮೇಲೆ ಬರೆದೆವು. ಇಂಧನಕ್ಕೆ: ಟ್ಯಾಂಕು, ಡೀಸೆಲ್ ಫಿಲ್ಟರ್, ಪಂಪು, ನಾಜಲ್. ಗಾಳಿಗೆ: ಏರ್ ಫಿಲ್ಟರ್, ಟರ್ಬೊ, ಅದರ ಹೋಸ್ ಪೈಪುಗಳು. ತಾಪಕ್ಕೆ: ಕಂಪ್ರೆಷನ್, ಅಂದರೆ ಪಿಸ್ಟನ್ ರಿಂಗು, ಲೈನರು, ವಾಲ್ವು, ಹೆಡ್ ಗ್ಯಾಸ್ಕೆಟ್ಟು. ಎಂಜಿನ್ ಕೈಕೊಟ್ಟರೆ ಸಾಮಾನ್ಯವಾಗಿ ಈ ಮೂರು ಸಾಲುಗಳಲ್ಲಿ ಒಂದರಲ್ಲಿ ಏನೋ ಕೆಟ್ಟಿದೆ ಎಂದರ್ಥ. ಪಠ್ಯಪುಸ್ತಕದ ಒಂದು ವಾಕ್ಯ ಇಲ್ಲಿ ಪರಿಶೀಲನಾ ಪಟ್ಟಿಯಾಯಿತು.

ಮೂರು ಬಣ್ಣಗಳು

ಹೊಗೆಯ ಬಗ್ಗೆ ಹೇಳುವಾಗ ಮೇಣದಬತ್ತಿ ಮತ್ತೆ ಉಪಯೋಗಕ್ಕೆ ಬಂತು. ಜ್ವಾಲೆಯ ಹಳದಿ ಭಾಗಕ್ಕೆ ಗಾಜಿನ ಪಟ್ಟಿ ಹಿಡಿದರೆ ಕಪ್ಪು ಮಸಿ ಕೂರುತ್ತದೆ. ಅದು ಪೂರ್ತಿ ಉರಿಯದ ಇಂಗಾಲ. ಲಾರಿಯ ಕಪ್ಪು ಹೊಗೆಯೂ ಅದೇ. ಹಾಕಿದ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಕ್ಕಿಲ್ಲ, ಇಲ್ಲವೇ ಗಾಳಿಗೆ ಮೀರಿ ಡೀಸೆಲ್ ಬಿದ್ದಿದೆ. ಮೇಣದಬತ್ತಿಯನ್ನು ಊದಿ ಆರಿಸಿದಾಗ ಬತ್ತಿಯಿಂದ ಬಿಳಿ ಹೊಗೆ ಏಳುತ್ತದೆ. ಅದಕ್ಕೆ ಉರಿಯುವ ಕಡ್ಡಿ ತೋರಿಸಿದರೆ ಜ್ವಾಲೆ ಕೆಳಗಿಳಿದು ಬತ್ತಿ ಮತ್ತೆ ಹೊತ್ತಿಕೊಳ್ಳುತ್ತದೆ. ಈ ಪ್ರಯೋಗಕ್ಕೆ ಮಕ್ಕಳು ಮೂರು ಸಲ ಒತ್ತಾಯಿಸಿದರು. ಬಿಳಿ ಹೊಗೆ ಎಂದರೆ ಉರಿಯದೇ ಹೊರಬಂದ ಇಂಧನ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಚಳಿಯ ಬೆಳಿಗ್ಗೆ ಲಾರಿ ಸ್ಟಾರ್ಟ್ ಮಾಡಿದಾಗ ಬರುವ, ಕಣ್ಣುರಿಸುವ, ಡೀಸೆಲ್ ವಾಸನೆಯ ಬಿಳಿ ಹೊಗೆ ಇದೇ ಜಾತಿಯದು.

ಆದರೆ ಬಿಳಿಯಲ್ಲಿ ಇನ್ನೊಂದು ಬಗೆಯಿದೆ. ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು ಸಿಲಿಂಡರಿಗೆ ಇಳಿದರೆ ಅದು ಹಬೆಯಾಗಿ ಹೊರಬರುತ್ತದೆ. ನೋಡಲು ಎರಡೂ ಬಿಳಿಯೇ. ಹಬೆಗೆ ಡೀಸೆಲ್ ವಾಸನೆಯಿಲ್ಲ, ಎಂಜಿನ್ ಬಿಸಿಯಾದ ಮೇಲೂ ನಿಲ್ಲುವುದಿಲ್ಲ, ರೇಡಿಯೇಟರ್‌ನಲ್ಲಿ ನೀರು ಕಡಿಮೆಯಾಗುತ್ತ ಹೋಗುತ್ತದೆ. ನೀರು ಆಯಿಲಿಗೂ ಬೆರೆತರೆ ಆಯಿಲ್ ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗುತ್ತದೆ. ಒಂದೇ ಲಕ್ಷಣ, ಎರಡು ಕಾರಣ. ಆದ್ದರಿಂದ ಇನ್ನೊಂದು ಪ್ರಶ್ನೆ ಕೇಳಲೇಬೇಕು. ನನ್ನ ಮಟ್ಟಿಗೆ ಇಡೀ ಘಟಕದ ತಿರುಳು ಇಲ್ಲಿದೆ.

ನೀಲಿ ಹೊಗೆಗೆ ಅಡುಗೆಮನೆ ಸಾಕಾಯಿತು. ಬಾಣಲೆಯಲ್ಲಿ ಎಣ್ಣೆ ಸೀದಾಗ ಏಳುವ ನೀಲಿ ಛಾಯೆ ಎಲ್ಲರಿಗೂ ಗೊತ್ತು. ರಿಂಗು, ಲೈನರು ಸವೆದರೆ, ಟರ್ಬೊ ಸೀಲು ಹೋದರೆ ಎಂಜಿನ್ ಆಯಿಲ್ ಉರಿದು ನೀಲಿ ಹೊಗೆಯಾಗುತ್ತದೆ. ಆಯಿಲ್ ಅಳೆಯುವ ಕಡ್ಡಿಯಲ್ಲಿ ಮಟ್ಟ ಇಳಿಯುತ್ತದೆ.

ಮೇಸ್ತ್ರಿ ಹೇಳಿದ ಕ್ರಮ

ಪಾಠಯೋಜನೆ ಬರೆಯುವ ಮೊದಲು ಹೆದ್ದಾರಿಯ ಒಂದು ಗ್ಯಾರೇಜಿಗೆ ಹೋಗಿ ಅರ್ಧ ದಿನ ಕುಳಿತಿದ್ದೆ. ಅಲ್ಲಿನ ಹಿರಿಯ ಮೇಸ್ತ್ರಿ ಕ್ಯಾಬಿನ್ ಎತ್ತುವ ಮುನ್ನ ಚಾಲಕರನ್ನು ಕೇಳುತ್ತಿದ್ದ ಪ್ರಶ್ನೆಗಳನ್ನು ಹಾಗೆಯೇ ಬರೆದುಕೊಂಡೆ. "ಯಾವಾಗಿಂದ ಹಿಂಗಾಗ್ತಿದೆ? ಒಂದೇ ಸಲ ಬಂತಾ, ನಿಧಾನಕ್ಕೆ ಜಾಸ್ತಿ ಆಯ್ತಾ? ಖಾಲಿ ಗಾಡೀಲೂ ಇದೆಯಾ, ಲೋಡಿದ್ದಾಗ ಮಾತ್ರಾನಾ? ನೀರೆಷ್ಟು ಹಾಕ್ತಿದೀಯ, ಆಯಿಲ್ ಎಷ್ಟು ಹಾಕ್ತಿದೀಯ? ಕೊನೇಗೆ ಏನು ಕೆಲ್ಸ ಮಾಡ್ಸಿದ್ದೆ?" ಕೊನೆಯ ಪ್ರಶ್ನೆ ನನಗೆ ಹೊಸದು. ಇತ್ತೀಚೆಗೆ ಬಿಚ್ಚಿ ಜೋಡಿಸಿದ ಜಾಗದಲ್ಲೇ ತೊಂದರೆ ಇರುವ ಸಂಭವ ಹೆಚ್ಚಂತೆ.

ಏಕೆ ಈ ಕ್ರಮ ಎಂದು ಕೇಳಿದ್ದಕ್ಕೆ ಅವರು ಹೇಳಿದರು: "ನೋಡಮ್ಮ ಟೀಚರ್, ಖರ್ಚಿಲ್ದೆ ನೋಡೋದನ್ನ ಮೊದ್ಲು ನೋಡ್ಬೇಕು. ಬಿಚ್ಚೋದು ಕೊನೇಗೆ. ಎಂಜಿನ್ ಬಿಚ್ಚಿದ್ಮೇಲೆ ತಪ್ಪು ಎಲ್ಲಿತ್ತೋ ಗೊತ್ತಾಗಲ್ಲ, ಎಲ್ಲಾನೂ ಹೊಸದು ಹಾಕಿರ್ತೀವಿ, ಅಷ್ಟೇ."

ಹಳೆಯ ಎಂಜಿನ್‌ಗಳಲ್ಲಿ ಅವರು ಮಾಡುವ ಒಂದು ಪರೀಕ್ಷೆ ವಿಜ್ಞಾನ ಶಿಕ್ಷಕರಿಗೆ ಚಿನ್ನದಂಥದ್ದು. ಎಂಜಿನ್ ಓಡುತ್ತಿರುವಾಗ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಸಡಿಲಿಸಿ ಆ ಸಿಲಿಂಡರಿಗೆ ಡೀಸೆಲ್ ನಿಲ್ಲಿಸುತ್ತಾರೆ. ಎಂಜಿನ್ ಸದ್ದು ಇಳಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ಸದ್ದು ಬದಲಾಗದಿದ್ದರೆ ಕಳ್ಳ ಸಿಕ್ಕಿದ. ಒಂದು ಸಲಕ್ಕೆ ಒಂದೇ ಚರವನ್ನು ಬದಲಿಸಿ ಉಳಿದವನ್ನು ಹಾಗೇ ಇಡುವುದು ಎಂದು ನಾವು ಬೋಧನಾ ವಿಧಾನದ ಪತ್ರಿಕೆಯಲ್ಲಿ ಬರೆಯುವುದು ಇದನ್ನೇ. (ಕಾಮನ್ ರೈಲ್ ಎಂಜಿನ್‌ಗಳಲ್ಲಿ ಪೈಪಿನ ಒತ್ತಡ ಸಾವಿರ ಬಾರ್ ಮೀರಬಹುದು. ಚಿಮ್ಮಿದ ಡೀಸೆಲ್ ಚರ್ಮವನ್ನೇ ಸೀಳಿ ಒಳಹೋಗುತ್ತದೆ. ಅಲ್ಲಿ ಈ ಪರೀಕ್ಷೆ ಕೂಡದು ಎಂದು ಮೇಸ್ತ್ರಿ ಎರಡು ಸಲ ಹೇಳಿದರು.) ನಾವು ದಾಖಲೆ ಪುಸ್ತಕಕ್ಕಾಗಿ ತಯಾರಿಸುವ ನೈದಾನಿಕ ಪರೀಕ್ಷೆಗಳು ನೆನಪಾದವು. ಅವುಗಳಲ್ಲಿ ಎಷ್ಟೋ ಬರೀ ಅಂಕ ಕೊಟ್ಟು ಮುಗಿಯುತ್ತವೆ, ಯಾವ ಸಿಲಿಂಡರ್ ಸತ್ತಿದೆ ಎಂದು ಹೇಳುವುದಿಲ್ಲ.

ಒಂದು ನಿಜವಾದ ಪ್ರಕರಣ

ಎರಡನೇ ಅವಧಿಯಲ್ಲಿ ಒಬ್ಬ ಹುಡುಗ ಎದ್ದು ನಿಂತ. "ಮಿಸ್, ನಮ್ಮಪ್ಪನ ಗಾಡಿ ಲೋಡ್ ಹಾಕಿದ್ರೆ ಏರು ಹತ್ತಲ್ಲ. ಕರೀ ಹೊಗೆ ಬಿಡುತ್ತೆ. ಆ ಕಂಪ್ನಿ ಎಂಜಿನ್ನೇ ಸರಿ ಇಲ್ವಂತೆ, ಮಾರ್ಬಿಡ್ತಾರಂತೆ." ಸಾಲ ತೆಗೆದು ಕೊಂಡ ಲಾರಿ, ಇನ್ನೂ ಕಂತು ಮುಗಿದಿಲ್ಲ. ಅವನ ತಂದೆಯ ಒಪ್ಪಿಗೆ ಪಡೆದು ಮರುದಿನ ಅದನ್ನೇ ತರಗತಿಯ ಪ್ರಕರಣವಾಗಿ ತೆಗೆದುಕೊಂಡೆವು. ಮಾರ್ಗದರ್ಶಕ ಶಿಕ್ಷಕರು ಉದಾರವಾಗಿ ಒಂದು ಅವಧಿ ಹೆಚ್ಚು ಕೊಟ್ಟರು.

ಕಪ್ಪು ಹೊಗೆ ಎಂದ ಕೂಡಲೇ ಮಕ್ಕಳು ಗಾಳಿಯ ಸಾಲು ಮತ್ತು ಇಂಧನದ ಸಾಲಿಗೆ ಗುರುತು ಹಾಕಿದರು. ಗಾಳಿ ಕಡಿಮೆಯಾಗಿರಬೇಕು: ಫಿಲ್ಟರ್ ಕಟ್ಟಿದೆ, ಹೋಸ್ ಹರಿದಿದೆ, ಟರ್ಬೊ ಸೋತಿದೆ. ಅಥವಾ ಡೀಸೆಲ್ ಹೆಚ್ಚಾಗಿರಬೇಕು: ನಾಜಲ್ ತೊಟ್ಟಿಕ್ಕುತ್ತಿದೆ, ಪಂಪಿನ ಹೊಂದಾಣಿಕೆ ತಪ್ಪಿದೆ. ಒಬ್ಬಳು "ಓವರ್‌ಲೋಡ್ ಕೂಡ ಇರ್ಬಹುದು ಮಿಸ್" ಎಂದಾಗ ಹುಡುಗನಿಗೆ ಸಿಟ್ಟು ಬಂತು. ಅದನ್ನೂ ಬರೆದುಕೊಂಡೆವು.

ಮುಂದಿನ ಕೆಲಸವೇ ಹೆಚ್ಚು ಹೊತ್ತು ಹಿಡಿಯಿತು. ಪ್ರತಿ ಊಹೆಗೂ "ಹಾಗಾಗಿದ್ದರೆ ಇನ್ನೇನು ಕಾಣಿಸಬೇಕು?" ಎಂದು ಕೇಳಿದೆ. ಫಿಲ್ಟರ್ ಕಟ್ಟಿದ್ದರೆ ತೊಂದರೆ ವಾರಗಟ್ಟಲೆ ನಿಧಾನವಾಗಿ ಏರಬೇಕು. ಹೋಸ್ ಹರಿದಿದ್ದರೆ ಒಮ್ಮೆಗೇ ಶಕ್ತಿ ಇಳಿಯಬೇಕು, ಲೋಡಿನಲ್ಲಿ ಗಾಳಿ ಸೋರುವ ಸದ್ದು ಬರಬೇಕು. ನಾಜಲ್ ಕೆಟ್ಟಿದ್ದರೆ ನಿಂತಲ್ಲೇ ಓಡುವಾಗಲೂ ಎಂಜಿನ್ ಒಂದೇ ಸಮನೆ ಇರದೆ ತಡವರಿಸಬೇಕು. ಓವರ್‌ಲೋಡ್ ಆಗಿದ್ದರೆ ಹಿಂದೆ ಇದೇ ಲೋಡಿನಲ್ಲಿ ಏಕೆ ಹತ್ತುತ್ತಿತ್ತು? ಗುಂಪಿನಲ್ಲಿ ಕುಳಿತು ಮೂರು ಪ್ರಶ್ನೆ ಆರಿಸಿದರು. ಹುಡುಗ ರಾತ್ರಿ ಅಪ್ಪನನ್ನು ಕೇಳಿಕೊಂಡು ಬಂದ. ಮಂಗಳೂರಿನಿಂದ ಗೊಬ್ಬರ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವಾಗ ಒಮ್ಮೆಗೇ ಶುರುವಾಯಿತು, ಖಾಲಿ ಇದ್ದಾಗ ಅಷ್ಟಾಗಿ ಗೊತ್ತಾಗುವುದಿಲ್ಲ, ಆಕ್ಸಿಲರೇಟರ್ ಒತ್ತಿದರೆ "ಬುಸ್" ಅನ್ನುತ್ತದೆ.

ಟರ್ಬೊದಿಂದ ಹೋಗುವ ಹೋಸ್ ಕ್ಲಿಪ್ಪಿನ ಕೆಳಗೆ, ಕಣ್ಣಿಗೆ ಬೀಳದ ಕಡೆ ಹರಿದಿತ್ತು. ಪಂಪನ್ನು ಬಿಚ್ಚಿ ದಾವಣಗೆರೆಗೆ ಕಳಿಸುವ ಮಾತು ನಡೆದಿತ್ತಂತೆ, ಅದು ನಿಂತಿತು. ಮಕ್ಕಳು ಕಂಡುಹಿಡಿದರು ಎಂದು ನಾನು ಹೇಳುವುದಿಲ್ಲ. ಗ್ಯಾರೇಜಿನವರೂ ಅದೇ ದಿನ ಅದೇ ಹೋಸಿಗೆ ಕೈಯಿಟ್ಟಿದ್ದರು. ಆದರೆ ಕಾರಣ ತಿಳಿಯುವ ಮೊದಲೇ ನಲವತ್ತು ಮಕ್ಕಳಲ್ಲಿ ಬಹುಪಾಲು ಜನ ಹೋಸ್ ಎಂದು ಬರೆದು, ಏಕೆ ಎಂದೂ ಬರೆದಿದ್ದರು.

ಹೋಸ್ ಯಾರದು?

ಹುಡುಗ ಗೆದ್ದವನಂತೆ ಹೇಳಿದ: "ಹಂಗಾದ್ರೆ ಕಂಪ್ನಿ ಒಳ್ಳೇದೇ ಮಿಸ್!" ಹಿಂದಿನ ಬೆಂಚಿನಿಂದ ಉತ್ತರ ಬಂತು: "ಹೋಸೂ ಕಂಪ್ನೀದೇ ಅಲ್ವೇನೋ?"

ನನ್ನ ಮೂರನೇ ಪಾಠಕ್ಕೆ ನಾನು ಬರೆದಿಟ್ಟುಕೊಂಡಿದ್ದ ಪೀಠಿಕೆಗಿಂತ ಇದು ಚೆನ್ನಾಗಿತ್ತು. ಅದನ್ನೇ ಹಲಗೆಯ ಮೇಲೆ ಬರೆದೆ. ಹೋಸ್ ಎಷ್ಟು ವರ್ಷದ್ದು? ಮೊದಲಿನದೇ, ಡೂಪ್ಲಿಕೇಟ್ ಹಾಕಿಸಿದ್ದೇ? ರಬ್ಬರು ಬಿಸಿಗೆ, ಆಯಿಲಿಗೆ ಹಳತಾಗುವುದು ಸಹಜ. ಬೇಗ ಹಳತಾಯಿತು ಎನ್ನಬೇಕಾದರೆ ಬೇರೆ ಲಾರಿಗಳ ಹೋಸ್ ಎಷ್ಟು ದಿನ ಬಾಳಿದವು ಎಂಬುದು ಗೊತ್ತಿರಬೇಕು. ಒಂದು ಲಾರಿಯಿಂದ ಒಳ್ಳೆಯ ಕಂಪನಿ ಎಂದೂ ಹೇಳಲಾಗದು, ಕೆಟ್ಟ ಕಂಪನಿ ಎಂದೂ ಹೇಳಲಾಗದು. ಹುಡುಗನಿಗೆ ಇದು ರುಚಿಸಲಿಲ್ಲ.

ತರಗತಿ ಆಗಲೇ ಎರಡು ಪಕ್ಷವಾಗಿತ್ತು. "ಟಾಟಾ ಗಟ್ಟಿ", "ಲೇಲ್ಯಾಂಡ್ ಎಳೆಯೋದ್ರಲ್ಲಿ ಮುಂದೆ" ಎಂಬ ಕೂಗು. ಅಪ್ಪ ಓಡಿಸುವ ಲಾರಿಯ ಪರ ನಿಲ್ಲುವುದು ಮಕ್ಕಳಿಗೆ ಮರ್ಯಾದೆಯ ಪ್ರಶ್ನೆ. ಹೆಸರು ಇರುವವರೆಗೆ ಲೆಕ್ಕ ಕಿವಿಗೆ ಬೀಳುವುದಿಲ್ಲ ಎನಿಸಿ, ಹೆಸರುಗಳನ್ನು ಒರೆಸಿ "ಅ ಕಂಪನಿ", "ಆ ಕಂಪನಿ" ಎಂದು ಬರೆದೆ. ನಂತರ ಒಂದು ಕಲ್ಪಿತ ಊರಿನ ಲೆಕ್ಕ ಕೊಟ್ಟೆ.

ಒಂದು ತಿಂಗಳಲ್ಲಿ ಊರಿನ ಗ್ಯಾರೇಜಿಗೆ ಅ ಕಂಪನಿಯ 8 ಲಾರಿ, ಆ ಕಂಪನಿಯ 4 ಲಾರಿ ಕೆಟ್ಟು ಬಂದವು. ಯಾವುದು ಉತ್ತಮ? ಎಲ್ಲರೂ ಆ ಎಂದರು. ಈಗ ಊರಿನಲ್ಲಿ ಅ ಕಂಪನಿಯ ಲಾರಿಗಳು 80, ಆ ಕಂಪನಿಯವು 20 ಎಂದೆ. ಶೇಕಡಾ ಹಾಕಿದರು: ಅ ಶೇ. 10, ಆ ಶೇ. 20. ಉತ್ತರ ಅ ಕಡೆಗೆ ತಿರುಗಿತು, ಒಂದು ಪಕ್ಷ ಚಪ್ಪಾಳೆ ತಟ್ಟಿತು. ಯಾವ ಅಕ್ಷರ ಯಾವ ಕಂಪನಿ ಎಂದು ನಾನು ಹೇಳಿರಲೇ ಇಲ್ಲ! ಆಮೇಲೆ ಕೊನೆಯ ಮಾಹಿತಿ: ಅ ಲಾರಿಗಳು ಸುತ್ತಮುತ್ತಲ ಊರುಗಳಿಗೆ ತಿಂಗಳಿಗೆ 4,000 ಕಿ.ಮೀ. ಓಡುತ್ತವೆ, ಆ ಲಾರಿಗಳು ದೂರದ ಹೆದ್ದಾರಿಯಲ್ಲಿ 10,000 ಕಿ.ಮೀ. ಒಟ್ಟು ಅ 3,20,000 ಕಿ.ಮೀ., ಆ 2,00,000 ಕಿ.ಮೀ. ಹಾಗಾದರೆ ಅ ಪ್ರತಿ 40,000 ಕಿ.ಮೀ.ಗೆ ಒಮ್ಮೆ ಕೆಟ್ಟಿತು, ಆ ಪ್ರತಿ 50,000 ಕಿ.ಮೀ.ಗೆ ಒಮ್ಮೆ. ಉತ್ತರ ಮತ್ತೆ ತಿರುಗಿತು.

ಸದ್ದು ನಿಂತಿತು. ಒಬ್ಬಳು ಕೇಳಿದಳು: "ಹೆದ್ದಾರಿ ನುಣ್ಣಗಿರುತ್ತೆ. ಹಳ್ಳಿ ರಸ್ತೇಲಿ ಓಡಿಸಿದ್ರೆ ಅದೂ ಕೆಡಲ್ವಾ ಮಿಸ್?" ಅಂದರೆ ನಾಲ್ಕನೆಯ ತಿರುವು ಅವರಿಂದಲೇ ಬಂತು. ಸಂಡೂರಿನ ಅದಿರು ಹೊರುವ ಟಿಪ್ಪರನ್ನೂ ಪಾರ್ಸೆಲ್ ಸಾಗಿಸುವ ಲಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. "ಹಳೇ ಲಾರಿಗಳೇ ಗಟ್ಟಿ, ನೋಡಿ ಇನ್ನೂ ಓಡ್ತಿವೆ" ಎಂಬ ವಾದವನ್ನೂ ಇಲ್ಲೇ ತೆಗೆದುಕೊಂಡೆ. ಇನ್ನೂ ಓಡುತ್ತಿರುವವು ಮಾತ್ರ ಕಣ್ಣಿಗೆ ಬೀಳುತ್ತವೆ, ಗುಜರಿಗೆ ಹೋದವು ರಸ್ತೆಯಲ್ಲಿ ಇರುವುದಿಲ್ಲ. ನಾವು ಶಾಲೆಗಳನ್ನು ಎಸ್‌ಎಸ್‌ಎಲ್‌ಸಿ ಫಲಿತಾಂಶದ ಮೇಲೆ ಒಳ್ಳೆಯದು ಕೆಟ್ಟದ್ದು ಎನ್ನುವಾಗಲೂ ಯಾವ ರಸ್ತೆ, ಎಷ್ಟು ಲೋಡು ಎಂದು ಕೇಳುವುದು ಕಡಿಮೆ.

ಹೆಸರಿನೊಳಗಿನ ಹೆಸರುಗಳು

ವಿಸ್ತರಣೆಗೆ ಸ್ವಲ್ಪ ಇತಿಹಾಸ ಬಳಸಿದೆ. ಟಾಟಾದ ಟೆಲ್ಕೊ 1954ರಿಂದ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆಗೂಡಿ ಲಾರಿ ತಯಾರಿಸಿತು. ಹಿರಿಯ ಚಾಲಕರ ಬಾಯಲ್ಲಿ ಇಂದಿಗೂ "ಬೆಂಜ್ ಲಾರಿ" ಉಳಿದಿರುವುದು ಅದರಿಂದ. ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆದದ್ದು ಬ್ರಿಟನ್ನಿನ ಲೇಲ್ಯಾಂಡ್ ಜೊತೆಗಾರಿಕೆಯಿಂದ. ಟಾಟಾ ಲಾರಿಗಳಲ್ಲಿ ಹಲವು ಮಾದರಿಗಳಿಗೆ ಕಮ್ಮಿನ್ಸ್ ಎಂಜಿನ್, ಲೇಲ್ಯಾಂಡಿನ ಕೆಲವಕ್ಕೆ ಜಪಾನಿನ ಹಿನೊ ವಿನ್ಯಾಸದ ಎಂಜಿನ್ ಬಂದಿದೆ. ಡೀಸೆಲ್ ಪಂಪು, ನಾಜಲ್‌ಗಳಂತೂ ಬೇರೆ ಬೇರೆ ಕಂಪನಿಯ ಲಾರಿಗಳಿಗೂ ಬೆಂಗಳೂರಿನ ಆಡುಗೋಡಿಯಿಂದಲೇ ಹೋಗುತ್ತಿದ್ದವು. ಅಲ್ಲಿನ ಮೈಕೊ ಈಗ ಬಾಷ್ ಆಗಿದ್ದರೂ ಗ್ಯಾರೇಜುಗಳಲ್ಲಿ "ಮೈಕೊ ಪಂಪು" ಎಂಬ ಮಾತು ಹೋಗಿಲ್ಲ. ಮುಂದಿನ ಜಾಲರಿಯ ಮೇಲಿರುವ ಹೆಸರು ಒಂದು, ಒಳಗಿರುವ ಕೈಗಳು ಹಲವು.

ಇನ್ನೊಂದು ಅಂಶ ಮಕ್ಕಳ ಮನೆಗಳಿಂದಲೇ ಬಂತು: "ಹೊಸ ಗಾಡಿಗಳೆಲ್ಲ ಬರೀ ಸ್ಕ್ಯಾನರ್ ಗಾಡಿಗಳು, ಕಂಪ್ನಿಗಳು ಕೆಟ್ಟೋಗಿವೆ." 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಎಲ್ಲ ಕಂಪನಿಗಳಿಗೂ ಒಟ್ಟಿಗೆ ಬಂತು. ಮಸಿ ಹಿಡಿಯುವ ಫಿಲ್ಟರು ಸೈಲೆನ್ಸರಿನ ದಾರಿಯಲ್ಲೇ ಕುಳಿತಿದೆ, ಹೀಗಾಗಿ ಒಳಗೆ ದೋಷವಿದ್ದರೂ ಕಪ್ಪು ಹೊಗೆ ಕಾಣದಿರಬಹುದು. ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸಲು ಶೇ. 32.5ರಷ್ಟು ಯೂರಿಯಾ ಇರುವ ದ್ರಾವಣ ಬೇಕು. ಅದು ಮುಗಿದರೆ ಗಾಡಿ ಬೇಕೆಂದೇ ತನ್ನ ಶಕ್ತಿ ಇಳಿಸಿಕೊಳ್ಳುತ್ತದೆ. ಚಾಲಕನಿಗೆ ಅದು ಎಂಜಿನ್ ಸೋತಂತೆ ಕಾಣುತ್ತದೆ. ಸ್ಕ್ಯಾನರ್ ತೋರಿಸುವ ಕೋಡ್ ಕೂಡ ಯಾವ ಸೆನ್ಸರಿನ ಅಳತೆ ಏರುಪೇರಾಗಿದೆ ಎಂದು ಹೇಳುತ್ತದೆಯೇ ಹೊರತು ಯಾವ ಭಾಗ ಬದಲಿಸಬೇಕೆಂದು ಹೇಳುವುದಿಲ್ಲ. ಅದೂ ಒಂದು ಬಗೆಯ ಹೊಗೆಯ ಬಣ್ಣವೇ.

ಮೌಲ್ಯಮಾಪನದಲ್ಲಿ ಬಂದ ತಕರಾರು

ಘಟಕ ಪರೀಕ್ಷೆಗೆ ಹೀಗೊಂದು ಪ್ರಶ್ನೆ ಕೊಟ್ಟಿದ್ದೆ: "ಒಂದು ಲಾರಿಯಲ್ಲಿ ಬಿಳಿ ಹೊಗೆ ಬರುತ್ತಿದೆ. ಕಾರಣವೇನು?" ಕೆಲವರು ಉರಿಯದ ಡೀಸೆಲ್ ಎಂದರು, ಕೆಲವರು ಹೆಡ್ ಗ್ಯಾಸ್ಕೆಟ್ ಎಂದರು. ಎಂಟು ಮಕ್ಕಳು "ಇಷ್ಟರಿಂದ ಹೇಳಲು ಆಗುವುದಿಲ್ಲ, ರೇಡಿಯೇಟರ್ ನೀರು ಕಡಿಮೆಯಾಗುತ್ತಿದೆಯೇ ಎಂದು ಕೇಳಬೇಕು" ಎಂಬ ಅರ್ಥದಲ್ಲಿ ಬರೆದರು. ಅವರಿಗೆ ಪೂರ್ಣ ಅಂಕ ಕೊಟ್ಟೆ. ಮಾರ್ಗದರ್ಶಕರು ನನ್ನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದರು: ಉತ್ತರ ಗೊತ್ತಿಲ್ಲದವನೂ ಹೀಗೆ ಬರೆದು ಪಾರಾಗಬಹುದಲ್ಲ? ಆಕ್ಷೇಪ ನ್ಯಾಯವಾದದ್ದು. ಆದ್ದರಿಂದ ಅಂಕಸೂಚಿಯಲ್ಲಿ ಹೀಗೆ ಬರೆದೆ: "ಹೇಳಲಾಗದು" ಎಂಬುದಕ್ಕೆ ಅಂಕವಿಲ್ಲ. ಮುಂದೆ ಏನು ಕೇಳಬೇಕು, ಆ ಉತ್ತರ ಹೌದಾದರೆ ಏನು, ಅಲ್ಲವಾದರೆ ಏನು ಎಂಬುದಕ್ಕೆ ಮಾತ್ರ ಅಂಕ. ಆ ಎಂಟರಲ್ಲಿ ಆರು ಮಂದಿ ಅದನ್ನು ಬರೆದೇ ಇದ್ದರು.

ಈ ಪಾಠವನ್ನು ತೆಗೆದುಕೊಳ್ಳುವವರಿಗೆ ಎರಡು ಮಾತು. ಓಡುವ ಎಂಜಿನ್ ಹತ್ತಿರ ಮಕ್ಕಳನ್ನು ಕರೆದೊಯ್ಯುವ ಅಗತ್ಯವಿಲ್ಲ. ಗ್ಯಾರೇಜಿನಿಂದ ಹಳೆಯ ಏರ್ ಫಿಲ್ಟರ್, ಸವೆದ ರಿಂಗು, ಹರಿದ ಹೋಸ್ ಕೇಳಿ ತಂದರೆ ಬೋಧನೋಪಕರಣವಾಗಿ ಸಾಕು, ಮೇಸ್ತ್ರಿಗಳು ಸಂತೋಷದಿಂದ ಕೊಡುತ್ತಾರೆ. ರೇಡಿಯೇಟರ್ ನೀರು ನೋಡುವ ಬಗ್ಗೆ ಹೇಳುವ ದಿನವೇ, ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳವನ್ನು ಯಾರೂ ತೆಗೆಯಬಾರದು, ತಣ್ಣಗಾಗುವವರೆಗೆ ಕಾಯಬೇಕು ಎಂದು ಹಲಗೆಯ ಮೇಲೆ ದೊಡ್ಡದಾಗಿ ಬರೆಯಿಸಿ. ಆ ಸಂಜೆಯೇ ಮನೆಯಲ್ಲಿ ಪರೀಕ್ಷಿಸುವ ಮಕ್ಕಳು ಇರುತ್ತಾರೆ.